ಚಿಕಾಗೋದ ಕಾಕಾ

ಯಾರು ಮೊದಲು ಹೋದರೂ ಉಳಿದವನು ಬರಬೇಕು. ಬಂದು, ಹೋದವನ ಮನೆತನದ ಪದ್ಧತಿ ತಪ್ಪದಂತೆ ಮಣ್ಣು ಮಾಡಬೇಕು. ಐವತ್ತೈದು ವರ್ಷಗಳ ಹಿಂದೆ, ಜರ್ಮನಿಯ ಒಂದು ಎರಕದ ಕಾರ್ಖಾನೆಯ ಪಕ್ಕದ ಕಾರ್ಮಿಕರ ವಸತಿಯಲ್ಲಿ, ಒಂದೇ ಕೋಣೆಯ ಇಬ್ಬರು ಹುಡುಗರು ಹೀಗೆ ಮಾತು ಕೊಟ್ಟುಕೊಂಡಿದ್ದರು. ಕನ್ನಡದಲ್ಲೇ.

ಅವರಲ್ಲಿ ಒಬ್ಬ, ಗದಿಗೆಪ್ಪ, ಈಗ ಅಮೆರಿಕದ ಲಿವೋನಿಯಾ ಎಂಬ ಊರಿನಲ್ಲಿ, ಶವಸಂಸ್ಕಾರದ ಫ್ಯೂನರಲ್ ಹೋಮಿನಲ್ಲಿ ಮಲಗಿದ್ದ. ಮೂರು ಗಂಟೆಗೆ ದಹನ.

ಮಧ್ಯಾಹ್ನ, ಅಲ್ಲೇ ಕಾಯುತ್ತಿದ್ದ ಅವನ ಮಗಳು ಶರಣ್ಯಾಳ ಫೋನು ಬಡಿದುಕೊಂಡಿತು. ಚಿಕಾಗೋದ ನಂಬರು.

"ಯವ್ವಾ, ನಿಮ್ಮಪ್ಪನ್ನ ಸುಡಬ್ಯಾಡ." ಮುದಿ ದನಿ. ಧಾರವಾಡದ ಕಡೆಯ ಮಾತು, ಥೇಟು ಅಪ್ಪನದೇ. ಆದರೆ ತುಂಬಾ ನಿಧಾನ. ಒಂದೊಂದೇ ಪದ ಆರಿಸಿ ಇಟ್ಟ ಹಾಗೆ. "ನಾ ನಿನ್ನ ಕಾಕಾ ಅಂತ ತಿಳಕೋ. ಗಾಡಿ ಕಲಾಮಝೂ ಊರು ದಾಟೇತಿ. ನಾ ಬರೂತನಕ ತಡಿ."

"ಹೂ ಈಸ್ ದಿಸ್?"

ಲೈನು ಕಡಿಯಿತು. ಹೊರಗೆ ಹಿಮ ಬೀಳುತ್ತಿತ್ತು.

ಶರಣ್ಯಾ ಹುಟ್ಟಿದ್ದು, ಬೆಳೆದದ್ದು ಲಿವೋನಿಯಾದಲ್ಲೇ. ತಾಯಿಯ ಮುಖ ನೆನಪಿಲ್ಲ. ಊರಲ್ಲಿ ನಮ್ಮವರು ಅಂತ ಯಾರೂ ಉಳಿದಿಲ್ಲ ಎಂದೇ ಅಪ್ಪ ಹೇಳುತ್ತಿದ್ದ. ಫ್ಯೂನರಲ್ ಹೋಮಿನವರು "ಹಿಂದೂ?" ಎಂದಾಗ ತಲೆಯಾಡಿಸಿದ್ದಳು. "ಕ್ರಿಮೇಷನ್?" ಎಂದಾಗಲೂ ಆಡಿಸಿದ್ದಳು. ಭಾರತೀಯ ಗೆಳತಿಯರ ಅಪ್ಪ ಅಮ್ಮಂದಿರೆಲ್ಲ ಹೋದದ್ದು ಹಾಗೆಯೇ.

"ಕಾಕಾನಾ?" ಎಂದರು ಚಿದಂಬರ ಅಂಕಲ್. ಕನ್ನಡ ಸಂಘದ ಹಿರಿಯರು, ಮೈಸೂರಿನ ಕಡೆಯವರು. ಎಲ್ಲ ಏರ್ಪಾಟೂ ಅವರದೇ. "ಪೇಪರಲ್ಲಿ ಸಾವಿನ ಸುದ್ದಿ, ಫೋನ್ ನಂಬರು ಬಂದ್ರೆ ಸಾಕಮ್ಮ, ಕಾಕಾಗಳು ಹುಟ್ಕೋತಾರೆ. ಮನೆ ಪತ್ರ ಎಲ್ಲಾ ಜೋಪಾನ."

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಅಂಕಲ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದರು.

"ಯಾವ ಊರು ಸ್ವಾಮಿ ನಿಮ್ದು?"

"ನಾ ಹುಟ್ಟಿದ ನಾಡು ಈಗ ನಕಾಶದಾಗ ಇಲ್ರಿ."

ಅಂಕಲ್ ಫೋನಿಗೆ ಕೈ ಅಡ್ಡ ಹಿಡಿದರು. "ಯಾವುದೋ ಡ್ಯಾಮಲ್ಲಿ ಮುಳುಗಿದ ಊರು. ನಾನು ಹೇಳಲಿಲ್ವಾ? ಜಮೀನಿನ ತಕರಾರು." ಕೈ ತೆಗೆದರು. "ಗದಿಗೆಪ್ಪನವರಿಗೆ ನೀವು ಏನಾಗ್ಬೇಕು?"

"ಒಂದ ತಾಟಿನಾಗ ಉಂಡೀವ್ರಿ."

"ಅವರ ಜೊತೆ ಊಟ ನಾನೂ ಮಾಡಿದೀನಿ."

"ಹಂಗಾರ ನಿಮಗೂ ಗೊತ್ತಿರಬೇಕು. ಭಾಳ ಓದಿದೋರು ಕಾಣ್ತೀರಿ. ಲಿಂಗಾಯತರನ್ನ ಸುಡ್ತಾರೇನ್ರಿ?"

ಅಂಕಲ್ ಮುಖ ಕೆಂಪಾಯಿತು. "ಗೊತ್ತು ಸ್ವಾಮಿ, ಊರಲ್ಲಿ ಕೂರಿಸಿ ಹೂಳ್ತಾರೆ. ಇದು ಮಿಶಿಗನ್. ಇಲ್ಲಿ ಯಾರು ಬಿಡ್ತಾರೆ?"

"ಆನ್ ಆರ್ಬರ್ ಊರ ಕಡೆ ಮಣ್ಣ ಮಾಡೂ ಒಂದ ಜಾಗಾ ಐತಿ. ಪೆಟಗಿ ಇಲ್ಲದ ಹೂಳತಾರ. ನಾ ಕೇಳೀನಿ, ಹೂಂ ಅಂದಾರ." ಉಸಿರು ಎಳೆದುಕೊಳ್ಳುವ ಸದ್ದು. "ಯವ್ವಾ, ಕೇಳಸ್ತದೇನು? ಅವನ ಕೊಳ್ಳಾಗಿನ ಲಿಂಗ ಎಲ್ಲೈತಿ?"

ಶರಣ್ಯಾಳ ಕೈ ತಾನೇ ಚೀಲಕ್ಕೆ ಹೋಯಿತು. ಅಪ್ಪನ ವಾಚು, ಕನ್ನಡಕ, ಅಪ್ಪನ ಕೊರಳಲ್ಲಿರುತ್ತಿದ್ದ ಬೆಳ್ಳಿಯ ಪುಟ್ಟ ಕರಡಿಗೆ. ಎಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟಿದ್ದರು.

"ನನ್ನ ಹತ್ರ ಇದೆ."

"ಅದು ಅವನ ಎಡಗೈಯಾಗ ಇರಬೇಕು."

ಮತ್ತೆ ಲೈನು ಹೋಯಿತು.

ಅವಳು ಚಿಕ್ಕವಳಿದ್ದಾಗ, ಶಾಲೆಗೆ ಹೊತ್ತಾದರೂ ಅಪ್ಪ ಎಡಗೈಯಲ್ಲಿ ಅದನ್ನಿಟ್ಟುಕೊಂಡು ಕಣ್ಣು ಮುಚ್ಚಿರುತ್ತಿದ್ದ. ಅವಳು ಕಾರಿನ ಹಾರ್ನ್ ಬಾರಿಸುತ್ತಿದ್ದಳು. ಅದೇನು ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಲು ಅಪ್ಪನಿಲ್ಲ. ಸುಟ್ಟ ಮೇಲೆ ತಿದ್ದಲೂ ಬರುವುದಿಲ್ಲ.

"ಅಂಕಲ್, ವೇಟ್ ಮಾಡೋಣ."

"ಈ ಸ್ಲಾಟ್ ತಪ್ಪಿದ್ರೆ ಸೋಮವಾರವೇ. ಪುರೋಹಿತರನ್ನ ಬೇರೆ ಕರೆಸಿದೀನಿ. ಯಾರೋ ದಾರಿಹೋಕನ ಮಾತಿಗೆ..."

"ಅವರು ಮಾತಾಡೋದು ಅಪ್ಪನ ಥರಾನೇ ಇದೆ."

"ಮೋಸ ಮಾಡೋರು ನಮ್ಮ ಥರಾನೇ ಮಾತಾಡೋದಮ್ಮ."

ಅವಳು ಅವರ ಕೈಯಿಂದ ಫೋನು ತೆಗೆದುಕೊಂಡಳು. ಆ ನಂಬರಿಗೆ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಚಿಕಾಗೋದಿಂದ ಬರುವ ಐ-ತೊಂಬತ್ನಾಲ್ಕು ಹೆದ್ದಾರಿಯಲ್ಲಿ ಟ್ರಕ್ಕು ಅಡ್ಡಬಿದ್ದಿದೆ ಎಂದು ಯಾರೋ ಹೇಳಿದರು. ಫ್ಯೂನರಲ್ ಹೋಮಿನವನು ಬಾಗಿಲಲ್ಲಿ ನಿಂತು ಕೈ ಕಟ್ಟಿಕೊಂಡ. ಪುರೋಹಿತರು ಕೆಮ್ಮಿದರು. ಮೂರು ಹೊಡೆಯಿತು.

"ಮ್ಯಾಮ್?" ಎಂದ ಅವನು. "ಶಲ್ ವಿ?"

"ನೋ," ಎಂದಳು ಶರಣ್ಯಾ. ಅಂಕಲ್ ಕಡೆ ತಿರುಗಿದಳು. "ಸುಡೋದು ಬೇಡ."

ಅಂಕಲ್ ಕೋಟು ಎತ್ತಿಕೊಂಡರು. "ಅವನು ಬರದೇ ಇದ್ರೆ ನನಗೆ ಫೋನ್ ಮಾಡ್ಬೇಡ."

ಅಂಕಲ್ ಬಾಗಿಲು ತಲುಪುವ ಮುಂಚೆಯೇ ಅದು ತೆರೆಯಿತು. ಎತ್ತರದ ಮುದುಕನೊಬ್ಬ ಒಳಬಂದ. ಬಿಳಿ ತೊಗಲಿನ, ನೀಲಿ ಕಣ್ಣಿನವ. ಟೊಪ್ಪಿಯ ಮೇಲೆಲ್ಲ ಹಿಮ. ಪಕ್ಕದ ಹಾಲಿನಲ್ಲಿ ಬೇರೊಂದು ಕುಟುಂಬದ ಪ್ರಾರ್ಥನೆ ನಡೆದಿತ್ತು. ಶರಣ್ಯಾ ಅತ್ತ ಕೈ ತೋರಿಸಿದಳು. "ನೆಕ್ಸ್ಟ್ ಡೋರ್, ಸರ್."

ಮುದುಕ ಟೊಪ್ಪಿ ತೆಗೆದ.

"ನಿಮ್ಮಪ್ಪಗ ಜರ್ಮನಿಯಾಗ ಕನ್ನಡ ಮಾತಾಡಾಕ ಯಾರೂ ಇರಲಿಲ್ಲವ್ವ," ಎಂದ. "ಅದಕ್ಕ ನನಗ ಕಲಿಸಿದ."

ಮರುದಿನ, ಯುಗೊಸ್ಲಾವಿಯಾ ಎಂಬ ಈಗಿಲ್ಲದ ದೇಶದಲ್ಲಿ ಹುಟ್ಟಿದ ಆ ಮುದುಕ ಎನ್ವರ್, ಗದಿಗೆಪ್ಪನ ಎಡಗೈಯಲ್ಲಿ ಲಿಂಗವಿಟ್ಟು, ಕೂರಿಸಿ, ಮಣ್ಣು ಕೊಟ್ಟ.