ಬಣ್ಣದ ಮರುದಿನ ಬಂದ ಈಸ್ಟರ್

ಕಡಲೆಹಿಟ್ಟಿಗೆ ಕೊಬ್ಬರಿ ಎಣ್ಣೆ ಕಲಸಿದ ವಾಸನೆ ಬಂದರೆ ಈಗಲೂ ನನ್ನ ಕಿವಿಗಳು ಉರಿಯುತ್ತವೆ.

ಹುಬ್ಬಳ್ಳಿಯಲ್ಲಿ ಬಣ್ಣದಾಟ ಹೋಳಿ ಹುಣ್ಣಿಮೆಯ ಐದನೆಯ ದಿನ. ಆ ವರ್ಷ ಅದು ಶನಿವಾರ ಬಂದಿತ್ತು, ಮರುದಿನವೇ ಈಸ್ಟರ್. ಬೆಳಗಿನ ಆರಾಧನೆಯಲ್ಲಿ ನಾನು ಬಿಳಿ ಫ್ರಾಕು ತೊಟ್ಟು ಎಲ್ಲರೆದುರು ಹಾಡಬೇಕಿತ್ತು. ಹೊರಗೆ ಕಾಲಿಡಬೇಡ ಎಂದು ಅವ್ವ ನೂರು ಸಲ ಹೇಳಿದ್ದಳು. ನಾನು ಹೋದೆ. ಓಣಿಯ ಗೆಳತಿಯರು ನನ್ನನ್ನು ಬಣ್ಣದ ಬ್ಯಾರಲ್ಲಿನಲ್ಲೇ ಅದ್ದಿ ತೆಗೆದರು.

ಮಧ್ಯಾಹ್ನ ಹಿತ್ತಲಲ್ಲಿ ಅಜ್ಜಿ ಎಣ್ಣೆ ಕಲಸಿದ ಕಡಲೆಹಿಟ್ಟು ಹಚ್ಚಿ ತನ್ನ ಒರಟು ಬೆರಳುಗಳಿಂದ ನನ್ನನ್ನು ತಿಕ್ಕತೊಡಗಿದಳು.

"ಹ್ವಾದ ವರ್ಷ ಬಣ್ಣ ಆಡಿ ತಿಂಗಳಾದ ಮ್ಯಾಲೆ ಈಸ್ಟರ್ ಬಂದಿತ್ತಲ್ಲ ಅಜ್ಜಿ?" ಎಂದು ನಾನು ಅಳುತ್ತ ಕೇಳಿದೆ.

"ಕ್ರಿಸ್‌ಮಸ್ ತಾರೀಖ ನೋಡಿ ಬರ್ತೈತಿ, ಈಸ್ಟರ್ ಚಂದ್ರನ್ನ ನೋಡಿ ಬರ್ತೈತಿ. ಮಾರ್ಚಿನ್ಯಾಗ ಹಗಲು ರಾತ್ರಿ ಸಮ ಆದ ಮ್ಯಾಲೆ ಮೊದಲ ಯಾವ ಹುಣ್ಣಿಮಿ ಬರ್ತೈತಿ, ಅದರ ಮುಂದಿನ ರವಿವಾರ ನಮ್ಮ ಹಬ್ಬ. ಹ್ವಾದ ವರ್ಷ ಹೋಳಿ ಹುಣ್ಣಿಮಿ ಅದಕ್ಕಿಂತ ಮೊದಲ ಬಂದಿತ್ತು, ಈ ಸಲ ಹೋಳಿ ಹುಣ್ಣಿಮೀನ ಸಿಕ್ಕೈತಿ. ಅವರಿಗೂ ಅದ ಚಂದ್ರ, ನಮಗೂ ಅದ ಚಂದ್ರ. ಕಿವಿ ಈ ಕಡೆ ತಾ."

ಮುಖದ ಬಣ್ಣ ಹೋಯಿತು. ಕಿವಿ, ಬೈತಲೆ ಮಾತ್ರ ಗುಲಾಬಿಯಾಗಿಯೇ ಉಳಿದವು.

ಮರುದಿನ ಚರ್ಚಿನಲ್ಲಿ ತಲೆ ತಗ್ಗಿಸಿಕೊಂಡೇ ಹಾಡಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವ್ವ ನನ್ನ ಕಡೆ ನೋಡಲೇ ಇಲ್ಲ. ಕೊನೆಗೆ ಸಭಾಪಾಲಕರು ಆಶೀರ್ವಾದಕ್ಕೆಂದು ಎರಡೂ ಕೈ ಮೇಲೆತ್ತಿದರು. ಬಿಳಿ ನಿಲುವಂಗಿಯ ತೋಳು ಕೆಳಗೆ ಜಾರಿತು. ಹತ್ತೂ ಉಗುರು ಗುಲಾಬಿ, ಮೊಣಕೈವರೆಗೆ ಹಸಿರು.

ಮೊದಲು ನಕ್ಕವಳು ಅವ್ವ.