ಕೊನೆಯ ಬೆಂಚಿನ ಮಾವ

"ಒಂದು ಪ್ರಶ್ನೆಪತ್ರಿಕೆ ಮಿಕ್ಕಿದೆ ಯಜಮಾನ್ರೇ. ಸುಮ್ನೆ ಕೂತು ಆಕಳಿಸೋ ಬದಲು ನೀವೂ ಬರೀರಿ," ಎಂದು ಟೀಚರು ಕೊನೆಯ ಬೆಂಚಿನಲ್ಲಿ ನ್ಯೂಸ್‌ಪೇಪರು ಹರವಿಕೊಂಡಿದ್ದ ಮಾವನ ಮುಂದೆ ಹಾಳೆ ಇಟ್ಟರು.

ತರಗತಿಯವರೆಲ್ಲ ತಿರುಗಿ ನೋಡಿದರು. ಓದನ್ನು ಅರ್ಧಕ್ಕೆ ಬಿಟ್ಟು ಈಗ ಮತ್ತೆ ಕಲಿಯಲು ಬಂದ ದೊಡ್ಡವರಿಗೆ ಸಂಜೆ ಹೊತ್ತು ನಡೆಯುವ ಗಣಿತದ ಪೂರ್ವಸಿದ್ಧತಾ ತರಗತಿ ಅದು. ಕೋಣೆ ಮಾತ್ರ ಮಕ್ಕಳ ಶಾಲೆಯದು. ಗಿಡ್ಡ ಮೇಜುಗಳ ಅಡಿಗೆ ಯಾರ ಮೊಣಕಾಲೂ ಹಿಡಿಸುತ್ತಿರಲಿಲ್ಲ. ಮಾವ ಅಲ್ಲಿಯ ವಿದ್ಯಾರ್ಥಿಯಲ್ಲ. ಗಿರಣಿಯ ಗೇಟು ಕಾದು ನಿವೃತ್ತನಾದವನು, ಈಗ ಸೊಸೆಯನ್ನು ಕಾಯಲು ಬರುತ್ತಿದ್ದ. ಮಗ ಲಾರಿ ಓಡಿಸಿಕೊಂಡು ಊರೂರು ಸುತ್ತುವವನು. ಸೊಸೆ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಕೆಲಸ ಬಿಟ್ಟು ಎಲೆಕ್ಟ್ರಿಷಿಯನ್ ತರಬೇತಿಗೆ ಸೇರುತ್ತೇನೆ ಎಂದಾಗ ಮನೆಯೇ ತಲೆಕೆಳಗಾಗಿತ್ತು. ಅದಕ್ಕೆ ಮೊದಲು ಈ ಗಣಿತದ ಪರೀಕ್ಷೆ ಪಾಸಾಗಬೇಕು. "ಹೋಗು. ಆದ್ರೆ ಒಂದೇ ಸಲ. ಫೇಲಾದ್ರೆ ಕರೆಂಟು ಗಿರೆಂಟು ಎಲ್ಲ ಮರೆತುಬಿಡಬೇಕು," ಎಂದು ಮಾವ ಷರತ್ತು ಹಾಕಿದ್ದ.

"ನಾನು ಕಾಣದ ಲೆಕ್ಕವೇನಮ್ಮ ಇದು," ಎನ್ನುತ್ತಲೇ ಅವನು ಕನ್ನಡಕ ಒರೆಸಿಕೊಂಡು ಪೆನ್ನು ಹಿಡಿದ. ಹಿಂದೆ ಕೂತು ತಿಂಗಳುಗಟ್ಟಲೆ ಕೇಳಿದ ಪಾಠ. ಕೇಳುವಾಗ ಎಲ್ಲವೂ ನೀರು ಕುಡಿದಷ್ಟು ಸಲೀಸಾಗಿತ್ತು. ಮೊದಲಿನ ಒಂದೆರಡು ಲೆಕ್ಕ ಹೇಗೋ ಕೈಗೆ ಹತ್ತಿದವು. ಆಮೇಲಿನವು ಕಬ್ಬಿಣದ ಕಡಲೆ. ಕತ್ತು ನೋಯುತ್ತಿದೆಯೆಂದು ತಲೆಯೆತ್ತಿದರೆ ಎದುರಿಗೆ ಸೊಸೆಯ ಬೆನ್ನು. ಅವಳು ಬರೆದಳು, ಬರೆದದ್ದಕ್ಕೆ ಅಡ್ಡಗೀಟು ಎಳೆದಳು, ಪೆನ್ನು ಕಚ್ಚಿಕೊಂಡು ಕೂತಳು, ಮತ್ತೆ ಬರೆದಳು. ಎಡಗೈ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಇಷ್ಟು ದಿನ ಪೇಪರಿನ ಮರೆಯಿಂದ ಅವಳು ಯಾರ ಜೊತೆ ಮಾತಾಡುತ್ತಾಳೆ ಎಂದಷ್ಟೇ ನೋಡಿದ್ದವನು, ಅವಳು ಪಡುತ್ತಿದ್ದ ಪಾಡನ್ನು ನೋಡಿರಲಿಲ್ಲ.

ಟೀಚರು ಅಲ್ಲೇ ಕೂತು ತಿದ್ದಿ, ಒಬ್ಬೊಬ್ಬರನ್ನಾಗಿ ಕರೆದು ಫಲಿತಾಂಶ ಹೇಳಿದರು. ಸೊಸೆಯ ಸರದಿ ಬಂದಾಗ ಒಮ್ಮೆ ನಕ್ಕು, "ಎಂಬತ್ತೊಂದು. ಇನ್ನು ಧಾರಾಳವಾಗಿ ತರಬೇತಿಗೆ ಸೇರ್ಕೊ," ಎಂದರು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ದರ್ಜಿಯಮ್ಮ ಅವಳ ಬೆನ್ನಿಗೆ ಗುದ್ದಿದ ಸದ್ದು ಕೋಣೆಗೆಲ್ಲ ಕೇಳಿಸಿತು. ಕೊನೆಗೆ ಟೀಚರು ದನಿ ತಗ್ಗಿಸಿ, "ಯಜಮಾನ್ರದ್ದು ಇಪ್ಪತ್ತೆಂಟು," ಎಂದರು. ಟ್ಯಾಕ್ಸಿ ಓಡಿಸುವವನೊಬ್ಬ ಕಿಸಕ್ಕೆಂದು ನಕ್ಕು, ಮಾವನ ಮುಖ ಕಂಡು ಬಾಯಿ ಮುಚ್ಚಿಕೊಂಡ. ಸೊಸೆಯ ಖುಷಿ ಅಲ್ಲಿಗೇ ನಿಂತಿತು. ನಾಲ್ಕು ಜನರ ಮುಂದೆ ಸೋಲು ಒಪ್ಪಿಕೊಂಡು ಗೊತ್ತಿಲ್ಲದ ಮನುಷ್ಯ. ಮನೆಗೆ ಹೋದ ಮೇಲೆ ಆ ಸಿಟ್ಟು ಯಾರ ತಲೆಯ ಮೇಲೆ ಬೀಳುತ್ತದೋ ಅವಳಿಗೆ ಗೊತ್ತಿತ್ತು.

ಮಾವ ಹಾಳೆ ಹಿಡಿದು ಟೀಚರ ಬಳಿ ಬಂದ. "ಈ ತೊಟ್ಟಿ ಲೆಕ್ಕಕ್ಕೆ ಯಾಕೆ ಸೊನ್ನೆ? ನೀರು ಶೇಕಡ ಇಪ್ಪತ್ತು ಏರಿತು, ಆಮೇಲೆ ಶೇಕಡ ಇಪ್ಪತ್ತು ಇಳೀತು. ಏರಿದ್ದು ಇಳೀತು ಅಂದ್ಮೇಲೆ ಮೊದಲಿನಷ್ಟೇ ತಾನೆ? ಇದರಲ್ಲೇನು ತಪ್ಪು?"

"ತಪ್ಪು, ಮಾವ."

ಹೇಳಿದವಳು ಸೊಸೆ. ಹೇಳಿ ತಾನೇ ಬೆಚ್ಚಿದಳು. ಆ ಮನೆಯಲ್ಲಿ ಆ ಪದ ಆಡುವ ಹಕ್ಕು ಇಷ್ಟು ವರ್ಷ ಒಬ್ಬನದೇ ಆಗಿತ್ತು. ಆದರೆ ಆಡಿದ ಮಾತು ಆಡಿಯಾಗಿತ್ತು. ಅವಳು ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡಳು.

"ಮೊದಲು ನೂರು ಲೀಟರ್ ಇತ್ತು ಅಂದ್ಕೊಳ್ಳಿ. ಶೇಕಡ ಇಪ್ಪತ್ತು ಏರಿದ್ರೆ?"

"ನೂರಿಪ್ಪತ್ತು. ಅಷ್ಟೂ ಗೊತ್ತಿಲ್ವಾ ನಂಗೆ?"

"ಸರಿ. ಈಗ ಇಳೀತಿರೋದು ಯಾವುದರಲ್ಲಿ ಮಾವ? ನೂರರಲ್ಲೋ, ನೂರಿಪ್ಪತ್ತರಲ್ಲೋ?"

ಮಾವನ ಹೆಬ್ಬೆರಳು ಬೆರಳಗೆಣ್ಣುಗಳ ಮೇಲೆ ಮೆಲ್ಲಗೆ ಓಡಾಡಿತು.

"ನೂರಿಪ್ಪತ್ತರಲ್ಲಿ," ಎಂದ ಅವನು ನಿಧಾನವಾಗಿ. "ಅಂದ್ರೆ ಇಪ್ಪತ್ತನಾಲ್ಕು ಹೋಯ್ತು. ಉಳಿದದ್ದು ತೊಂಬತ್ತಾರು." ಬೋರ್ಡನ್ನೇ ನೋಡುತ್ತ ನಿಂತ. ಆಮೇಲೆ ಅವನು ಟ್ಯಾಕ್ಸಿಯವನ ಕಡೆ ತಿರುಗಿ, "ನಕ್ಯಲ್ಲ ಆಗ, ಈಗ ನೋಡ್ಕೊ. ಇವಳು ನನ್ನ ಸೊಸೆ. ನಮ್ಮ ಮೇಷ್ಟ್ರು ಇವಳಷ್ಟು ಬಿಡಿಸಿ ಹೇಳ್ತಿದ್ರೆ ನಾನ್ಯಾಕೆ ಐದನೇ ಕ್ಲಾಸಿಗೇ ಸ್ಕೂಲು ಬಿಡ್ತಿದ್ದೆ?" ಎಂದ. ಈ ಸಲ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸೊಸೆ. ಟೀಚರ ಬಳಿ ಬಗ್ಗಿ ಮಾವ ಮೆತ್ತಗೆ ಕೇಳಿದ: "ಮುಂದಿನ ತಂಡಕ್ಕೆ ವಯಸ್ಸಿನ ಮಿತಿ ಏನಾದ್ರೂ ಇದೆಯಾ?"

ಸುದ್ದಿ ಕೇಳಲು ಮಗ ಫೋನು ಮಾಡಿದಾಗ ಇಬ್ಬರೂ ಬಸ್ ನಿಲ್ದಾಣದಲ್ಲಿದ್ದರು. ಹತ್ತಬೇಕಾಗಿದ್ದ ಬಸ್ಸು ಕಣ್ಣೆದುರೇ ಬಂದು ಹೋಗಿತ್ತು. ಅದನ್ನು ಇಬ್ಬರೂ ನೋಡಿರಲಿಲ್ಲ. ಮಾವ ಮಂಡಿಯ ಮೇಲಿದ್ದ ಹಾಳೆ ಜಾರದಂತೆ ಮೊಣಕೈಯಲ್ಲಿ ಅದುಮಿ ಫೋನು ಕಿವಿಗಿಟ್ಟುಕೊಂಡ.

"ಹ್ಞೂಂ, ಪಾಸು. ಎಂಬತ್ತೊಂದು. ಮಿಕ್ಕಿದ್ದು ಆಮೇಲೆ ಮಾತಾಡೋಣ, ಈಗ ಇಡು. ನಿನ್ನ ಹೆಂಡ್ತಿ ಭಿನ್ನರಾಶಿ ಹೇಳ್ಕೊಡ್ತಿದ್ದಾಳೆ."