ಕಿಟಕಿ ಪಕ್ಕದ ಮಂಚ

ಚೊಂಬಿನಲ್ಲಿ ನೀರು ಹಿಡಿದುಕೊಂಡು ಬಂದ ಗಂಗಾಂಬಿಕೆ ಬಾಗಿಲಲ್ಲೇ ನಿಂತಳು. ಕಿಟಕಿ ಪಕ್ಕದ ಮಂಚ ಖಾಲಿ! ಜ್ವರದ ಮಂಪರಿನಲ್ಲಿ ಮಲಗಿದ್ದ ಗಂಡ ಅಲ್ಲಿರಲಿಲ್ಲ.

"ನಮ್ಮನೇವ್ರೆಲ್ಲಿ ಬೆಟ್ಟಮ್ಮಾ?"

ಪಕ್ಕದ ಮಂಚದ ರೋಗಿಯ ಹೆಂಡತಿ, ಮೊಸಳೆ ಎಂಬ ಊರಿನ ಬೆಟ್ಟಮ್ಮ, ತಲೆ ಎತ್ತಲಿಲ್ಲ. "ಕುಯ್ಯಕ್ಕೆ ಎತ್ಕಂಡು ಓದ್ರು" ಎಂದಳು.

ಹಾಸನದ ಷಡಕ್ಷರಿ ಡಾಕ್ಟರ ಪುಟ್ಟ ಆಸ್ಪತ್ರೆಯಲ್ಲಿ ದವಡೆ ಊದಿ, ಮುಖಕ್ಕೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದವರು ಇಬ್ಬರು. ಇಬ್ಬರ ದವಡೆಯ ಚೂರೂ ಬೆಂಗಳೂರಿನಲ್ಲಿ ಪರೀಕ್ಷೆಯಾಗಿ ಬಂದಿತ್ತು. ಗಂಗಾಂಬಿಕೆಯ ಗಂಡನದು ಬರೀ ಹಲ್ಲಿನ ಬುಡದ ಕೀವು. ಬೆಟ್ಟಮ್ಮನ ಗಂಡ ನಂಜಪ್ಪನದು ಮೂಳೆಗೆ ಹತ್ತಿದ ಕ್ಯಾನ್ಸರ್, ಲಕ್ಷಕ್ಕೊಬ್ಬರಿಗೆ ಬರುವಂಥದು; ಅರ್ಧ ದವಡೆ ತೆಗೆದರೆ ಮಾತ್ರ ಬದುಕಿದ. ಕೊಯ್ಯಲೆಂದೇ ಮೈಸೂರಿನಿಂದ ಬೇರೆ ಡಾಕ್ಟರು ಬಂದಿದ್ದರು. ಅವರಿಗೆ ರೋಗಿಯ ಗುರುತು ಹೇಳಿದ್ದು ಕಿಟಕಿ ಪಕ್ಕದ ಮಂಚ ಅಂತ. ಪೂರ್ವಕ್ಕೆ ಮುಖ ಮಾಡಿ ತನ್ನ ಗಂಡ ಲಿಂಗಪೂಜೆ ಮಾಡಿಕೊಳ್ಳಲೆಂದು ಬೆಳಿಗ್ಗೆ ತಾನೇ ನಂಜಪ್ಪನಿದ್ದ ಆ ಮಂಚವನ್ನು ಕೇಳಿ ಬಿಡಿಸಿಕೊಂಡವಳು ಗಂಗಾಂಬಿಕೆಯೇ!

ಚೊಂಬು ಎಲ್ಲಿ ಬಿತ್ತೋ, ಅವಳು ಓಡಿದಳು. ಆಪರೇಷನ್ ಕೋಣೆಯ ಬಾಗಿಲಲ್ಲೇ ಕ್ಲೋರೋಫಾರಂ ವಾಸನೆ ಮೂಗಿಗೆ ಬಡಿಯಿತು.

"ಕುಯ್ಬೇಡಿ ಸಾ! ಅವರಲ್ಲ, ಇವ್ರು ನಮ್ಮನೇವ್ರು!"

"ನಿಮ್ಮನೆಯವರೇ ಅಮ್ಮ, ಅಲ್ಲ ಅಂದವರಾರು? ಧೈರ್ಯವಾಗಿರಿ." ಮೈಸೂರಿನ ಡಾಕ್ಟರು ಚಾಕು ಕೈಗೆತ್ತಿಕೊಂಡರು.

"ಇವ್ರದು ಬರೀ ಕೀವು ಸಾ!"

"ಎಲ್ಲರೂ ಹಾಗೇ ಅನ್ನೋದು. ಹೆಸರೇನು ನಿಮ್ಮ ಯಜಮಾನರದು?"

ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವ್ವ ಕಲಿಸಿದ್ದಳು. ಮದುವೆಯಾದಾಗಿನಿಂದ ಆ ಹೆಸರು ಅವಳ ನಾಲಗೆಗೆ ಬಂದಿರಲಿಲ್ಲ. ಸುಡುಗಾಡು ನಾಲಗೆ, ಈಗಲೂ ಏಳಲೊಲ್ಲದು! ಚಾಕು ಕೆನ್ನೆಯತ್ತ ಬಾಗಿತು.

"ರುದ್ರಯ್ಯ! ರುದ್ರಯ್ಯ ಸಾ, ರುದ್ರಯ್ಯ!"

ಡಾಕ್ಟರು ತಡೆದು ನಿಂತರು. ಪರೀಕ್ಷೆಯ ಕಾಗದದಲ್ಲಿದ್ದ ಹೆಸರು ನಂಜಪ್ಪ. ಚಾಕು ತಟ್ಟೆಗೆ ಮರಳಿತು.

ಹೊರಗೆ ಬಂದಾಗ ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ನೆಟ್ಟಗೆ ಬೆಟ್ಟಮ್ಮನ ಮುಂದೆ ಹೋಗಿ ನಿಂತಳು.

"ನೋಡ್ಕಂಡು ಸುಮ್ಕೆ ಕೂತಿದ್ಯಲ್ಲೇ! ನಿಂಗೂ ಗಂಡ ಇಲ್ವೇನೇ?"

ಬೆಟ್ಟಮ್ಮ ನಂಜಪ್ಪನ ಮುಖದ ಬಟ್ಟೆ ಸಡಿಲಿಸಿ, ಮಜ್ಜಿಗೆ ಅನ್ನ ಕಿವುಚಿ ತಿನ್ನಿಸುತ್ತಿದ್ದಳು. ಅವನು ಇನ್ನೂ ಇಡಿಯಾಗಿದ್ದ ದವಡೆಯಿಂದ ಮೆಲ್ಲಗೆ, ಬಲು ಮೆಲ್ಲಗೆ ಅಗಿಯುತ್ತಿದ್ದ.

"ಇನ್ನೆರಡು ತುತ್ತದೆ ಕಣವ್ವಾ" ಎಂದಳು ಬೆಟ್ಟಮ್ಮ. "ಮುಗಿಯೋಗಂಟ ಬರ್ಬ್ಯಾಡಿ ಅನ್ನು ಅವ್ರಿಗೆ."